ಹುಳಿಯ ಬಣ್ಣ

ಮೊಸರಿನ ಬಣ್ಣ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಬಿಳುಪು ಎನ್ನುತ್ತಾರೆ, ಇದನ್ನೂ ಕೇಳಬೇಕೆ ಎಂಬಂತೆ ಮುಖವನ್ನೂ ನೋಡುತ್ತಾರೆ. ಆದರೆ ಗಟ್ಟಿ ಮೊಸರಿನ ಗಡಿಗೆಯಿಂದ ಒಂದು ಸೌಟು ತೆಗೆದು ಒಂದರ್ಧ ತಾಸು ಹಾಗೆಯೇ ಬಿಡಿ. ಸೌಟು ಹೋಗಿಬಂದ ಕುಳಿಯಲ್ಲಿ ತಿಳಿನೀರು ಊರಿ ನಿಲ್ಲುತ್ತದೆ. ಅದನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯಿರಿ. ಅದು ಬಿಳುಪಲ್ಲ, ಬರಿಯ ನೀರಿನ ಬಣ್ಣವೂ ಅಲ್ಲ. ಹಸುರು ಬೆರೆತ ಎಳೆಯ ಹಳದಿ. ಹಾಲಿನ ಬಿಳುಪಿನ ಹಿಂದೆ ಅಡಗಿದ್ದ ಬಣ್ಣ ಹಾಲು ಹುಳಿತು ಹೆಪ್ಪುಗಟ್ಟಿದ ಮೇಲೆ ಹೊರಗೆ ಕಾಣಿಸಿಕೊಂಡಿದೆ.

೧೮೭೯ರಲ್ಲಿ ಬ್ಲೈತ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞ ಈ ಬಣ್ಣವನ್ನು ಹಾಲಿನಿಂದ ಬೇರ್ಪಡಿಸಿ ಅದಕ್ಕೆ ‘ಲ್ಯಾಕ್ಟೋಕ್ರೋಮ್’, ಎಂದರೆ ಹಾಲುಬಣ್ಣ, ಎಂದು ಹೆಸರಿಟ್ಟ. ಅದು ಬರಿಯ ಬಣ್ಣವಲ್ಲ, ಜೀವಸತ್ವವೂ ಹೌದೆಂಬುದು ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ೧೯೩೩ರಲ್ಲಿ ಜರ್ಮನಿಯ ರಿಚರ್ಡ್ ಕೂನ್ ಮತ್ತು ಅವರ ಸಂಗಡಿಗರು ಅದನ್ನು ಶುದ್ಧ ರೂಪದಲ್ಲಿ ಪಡೆದರು. ಇಂದು ಅದನ್ನು ರೈಬೋಫ್ಲೇವಿನ್ ಎನ್ನುತ್ತೇವೆ. ಬಿ-೨ ಜೀವಸತ್ವ ಎಂದರೂ ಅದೇ. ಮೊಸರಿನ ತಿಳಿನೀರಿನಲ್ಲಿರುವ ಇದರ ಬಹುಪಾಲು ಹಾಲಿನಿಂದಲೇ ಬಂದದ್ದು. ಹುಳಿಯಿಸುವ ಅಣುಜೀವಿಗಳಲ್ಲಿ ಕೆಲವು ಇದನ್ನು ತಾವೇ ಉಂಡು ಕಡಮೆ ಮಾಡುತ್ತವೆ. ಕೆಲವು ಮಾತ್ರ ತಮಗೆ ಬೇಕಾದುದಕ್ಕಿಂತ ಹೆಚ್ಚು ತಯಾರಿಸಿ ಹೊರಗೆ ಬಿಡುತ್ತವೆ. ಅಂಥವನ್ನು ಆರಿಸಿ ಹೆಪ್ಪು ಹಾಕಿದರೆ ಮೊಸರಿಗೆ ಹಾಲಿನಲ್ಲಿದ್ದುದಕ್ಕಿಂತ ಹೆಚ್ಚು ಜೀವಸತ್ವ ಬರುತ್ತದೆ.

ಹುಳಿಗೂ ಬಣ್ಣಕ್ಕೂ ಇರುವ ಈ ನಂಟನ್ನು ಕುರಿತೇ ನಾನು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹುಳಿಯಿಸುವ ಜೀವಿ ತಾನೇ ಬಣ್ಣ ತಯಾರಿಸುತ್ತದೆಯೆ? ತಯಾರಿಸಿದರೆ ಯಾರಿಗಾಗಿ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ನಮ್ಮ ಕಣ್ಣೆದುರಿಗೇ ಇರುವ ಬೆಲ್ಲದಲ್ಲಿ, ಕಾಲಲ್ಲಿ ಮೆಟ್ಟುವ ಚಪ್ಪಲಿಯಲ್ಲಿ ಅದರ ಕೈವಾಡವೆಷ್ಟು?

ಮೊದಲು ಈ ಬಳಗದ ಪರಿಚಯವಾಗಲಿ. ಹಾಲು ಹುಳಿಯುವುದು ತಾನಾಗಿ ಅಲ್ಲ, ಜೀವಿಗಳ ದೆಸೆಯಿಂದ ಎಂದು ೧೮೫೭ರಲ್ಲಿ ತೋರಿಸಿದವನು ಲೂಯಿ ಪಾಶ್ಚರ್. ಶಸ್ತ್ರಚಿಕಿತ್ಸೆಯ ಕೋಣೆಗೆ ಶುಚಿತ್ವ ತಂದ ಜೋಸೆಫ್ ಲಿಸ್ಟರ್ ೧೮೭೮ರಲ್ಲಿ ಹುಳಿಹಾಲಿನಿಂದ ಒಂದೇ ಒಂದು ಬಗೆಯ ಜೀವಿಯನ್ನು ಬೇರ್ಪಡಿಸಿ ಬೆಳೆಸಿದ. ಆ ಮೇಲೆ ಇಂಥವು ನೂರಾರು ಸಿಕ್ಕಿವೆ. ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುವುದು ಇವುಗಳ ಕಸುಬು. ಕಸುಬಿನಿಂದಲೇ ಇವುಗಳಿಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಎಂಬ ಹೆಸರು. ಗಡಿಗೆಯ ಮೊಸರಿನಲ್ಲಿ, ರುಬ್ಬಿಟ್ಟ ಇಡ್ಲಿ ಹಿಟ್ಟಿನಲ್ಲಿ, ಭರಣಿಯ ಉಪ್ಪಿನಕಾಯಿಯಲ್ಲಿ, ದನಗಳಿಗಾಗಿ ಗುಂಡಿಯಲ್ಲಿ ಒತ್ತಿಟ್ಟ ಹಸಿ ಮೇವಿನಲ್ಲಿ, ಗಾಣಕ್ಕೆ ಕಾದಿರುವ ಕಬ್ಬಿನಲ್ಲಿ, ತೊಗಲು ನೆನೆಸಿದ ಹೊಂಡದಲ್ಲಿ ಇವು ಇವೆ.

ಪ್ರಯೋಗಶಾಲೆಯ ಗಾಜಿನ ಬಿಲ್ಲೆಯ ಮೇಲೆ ಇವನ್ನು ಬೆಳೆಸಿದಾಗ ಬರಿಗಣ್ಣಿಗೆ ಕಾಣುವುದು ಸಾಸಿವೆಗಿಂತ ಚಿಕ್ಕ ಬಿಳಿಯ ಚುಕ್ಕೆಗಳು, ಮೊಸರನ್ನೇ ಸೂಜಿಯಿಂದ ಚಿಮುಕಿಸಿದಂತೆ. ಆದರೆ ನೂರು ಬಿಳಿಯ ಚುಕ್ಕೆಗಳ ನಡುವೆ ಒಮ್ಮೊಮ್ಮೆ ಒಂದು ಹಳದಿಯ ಚುಕ್ಕೆ ತಲೆಯೆತ್ತುತ್ತದೆ. ಅದು ಹೊರಗಿನಿಂದ ಬಂದು ಬಿದ್ದ ಕಲಬೆರಕೆಯಲ್ಲ, ಅದೇ ಬಳಗದ್ದು. ಎಂಟರೊಕಾಕಸ್ ಎಂಬ ಕುಲದಲ್ಲಿ ಇಂಥ ಹಳದಿಯವು ಹಲವು. ಅವುಗಳಲ್ಲಿ ಒಂದಕ್ಕೆ ಗಿಲ್ವಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ತಿಳಿಹಳದಿ. ಮತ್ತೊಂದಕ್ಕೆ ಮುಂಟಿಯೈ ಎಂಬ ಹೆಸರು ೧೯೮೬ರಲ್ಲಿ ಬಂತು. ಗಿಡಗಳ ಮೇಲೆ ಬಾಳುವ ಇಂಥ ಜೀವಿಗಳನ್ನು ಹುಡುಕಿ ಅಭ್ಯಾಸ ಮಾಡಿದ ಅಮೆರಿಕದ ಮುಂಟ್ ಎಂಬ ವಿಜ್ಞಾನಿಯ ನೆನಪಿಗೆ ಇಟ್ಟದ್ದು. ಉಪ್ಪಿನಕಾಯಿಯಲ್ಲೂ ಹುಳಿಹಿಟ್ಟಿನಲ್ಲೂ ಎಲ್ಲೆಡೆ ಸಿಗುವ ಪ್ಲಾಂಟೇರಮ್ ಎಂಬ ಜೀವಿಯಲ್ಲಿ ಕೂಡ ಕೆಲವು ತಳಿಗಳು ಹಳದಿ.

ಈ ಹಳದಿ ಗಜ್ಜರಿಯ ಬಣ್ಣದ ದಾಯಾದಿ. ಗಜ್ಜರಿಯ ಕ್ಯಾರೊಟಿನ್ ಅಣುವಿನ ಬೆನ್ನೆಲುಬಿನಲ್ಲಿ ನಲವತ್ತು ಇಂಗಾಲದ ಪರಮಾಣುಗಳು. ಇಪ್ಪತ್ತರ ಎರಡು ತುಂಡುಗಳನ್ನು ತಲೆಗೆ ತಲೆ ಹೊಂದಿಸಿ ಗಿಡ ಅದನ್ನು ಕಟ್ಟುತ್ತದೆ. ನಮ್ಮ ಹುಳಿಜೀವಿಯ ಬಳಿ ಇರುವುದು ಹದಿನೈದರ ತುಂಡು; ಎರಡು ಸೇರಿ ಮೂವತ್ತು. ಮೊದಲನೆಯ ಕಿಣ್ವ ಈ ಎರಡನ್ನು ಬೆಸೆಯುತ್ತದೆ. ಆಗಿನ್ನೂ ಬಣ್ಣವಿಲ್ಲ. ಎರಡನೆಯ ಕಿಣ್ವ ಆ ಸರಪಳಿಯಿಂದ ಜಲಜನಕವನ್ನು ಜೋಡಿ ಜೋಡಿಯಾಗಿ ಕಿತ್ತು ತೆಗೆಯುತ್ತ ಹೋಗುತ್ತದೆ. ಕಿತ್ತ ಹಾಗೆಲ್ಲ ಸರಪಳಿಯ ಕೊಂಡಿಗಳು ಒಂದು ಬಿಟ್ಟು ಒಂದು ಇಮ್ಮಡಿಯಾಗುತ್ತವೆ. ಇಮ್ಮಡಿ ಕೊಂಡಿಗಳ ಸಾಲು ಸಾಕಷ್ಟು ಉದ್ದವಾದಾಗ ಅದು ಬಿಸಿಲಿನ ನೀಲಿಯ ಅಂಶವನ್ನು ಹೀರಿಕೊಳ್ಳತೊಡಗುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ತೋರುತ್ತದೆ. ಎರಡೇ ಕಿಣ್ವಗಳ ಕೆಲಸ ಇದು. ಇಷ್ಟು ಅಲ್ಪ ಬಂಡವಾಳದಲ್ಲಿ ಬಣ್ಣದಂಗಡಿ ತೆರೆದವರು ಮನುಷ್ಯರಲ್ಲಿ ಇಲ್ಲ.

ಆದರೆ ನೋಡುವವರಿಲ್ಲದ ಕತ್ತಲ ಗುಂಡಿಯಲ್ಲಿ ಬಾಳುವ ಜೀವಿಗೆ ಬಣ್ಣದ ಷೋಕಿ ಏಕೆ? ಹೂವಿನ ಬಣ್ಣ ದುಂಬಿಗಾಗಿ ಎನ್ನುತ್ತೇವೆ. ಇಲ್ಲಿ ದುಂಬಿಯಿಲ್ಲ. ಉತ್ತರವಿರುವುದು ಗಾಳಿಯಲ್ಲಿ. ನಮ್ಮ ಉಸಿರಾದ ಆಮ್ಲಜನಕ ಈ ಬಳಗಕ್ಕೆ ಅಷ್ಟೇನೂ ಆಪ್ತವಲ್ಲ. ಆಮ್ಲಜನಕ ಒಳಹೊಕ್ಕರೆ ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ಪದಾರ್ಥಗಳು ಹುಟ್ಟುತ್ತವೆ. ನಮ್ಮ ರಕ್ತದಲ್ಲಿ ಅದನ್ನು ಕ್ಷಣಮಾತ್ರದಲ್ಲಿ ನೀರಾಗಿಸುವ ಕೆಟಲೇಸ್ ಎಂಬ ಕಿಣ್ವ ಉಂಟು. ಗಾಯದ ಮೇಲೆ ಪೆರಾಕ್ಸೈಡ್ ಸುರಿದಾಗ ನೊರೆ ಏಳುವುದು ಅದರಿಂದಲೇ. ಹುಳಿಜೀವಿಗಳಲ್ಲಿ ಬಹುಪಾಲಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಕೆಲವು ತಮ್ಮ ಹೊರಪೊರೆಯೊಳಗೆ ಈ ಹಳದಿಯನ್ನು ಲೇಪಿಸಿಕೊಂಡಿವೆ. ಸುಡುವ ಕಣ ಬಂದಾಗ ಬಣ್ಣದ ಅಣು ಅದನ್ನು ತನ್ನ ಮೇಲೆ ಹಾಕಿಕೊಂಡು ತಾನು ಒಡೆದುಹೋಗುತ್ತದೆ, ಜೀವಿ ಉಳಿಯುತ್ತದೆ. ಅದು ಅಲಂಕಾರವಲ್ಲ, ಕವಚ. ಗುಂಡಿಯ ಮೇವಿಗಿಂತ ಬಯಲಿನ ಎಲೆಯ ಮೇಲೆ, ಗಾಳಿ ಬಿಸಿಲುಗಳ ನಡುವೆ ಬಾಳಬೇಕಾದವಕ್ಕೆ ಈ ಕವಚದ ಅಗತ್ಯ ಹೆಚ್ಚು.

ಈ ವಿದ್ಯೆ ಸಜ್ಜನರಿಗಷ್ಟೇ ಸಿಕ್ಕಿಲ್ಲ. ಕುರು ಬಾವುಗಳಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಆರಿಯಸ್‌ಗೆ ‘ಹೊನ್ನಿನ ಬಣ್ಣದ್ದು’ ಎಂಬರ್ಥದ ಆ ಹೆಸರು ೧೮೮೪ರಲ್ಲಿ ಬಂದದ್ದು ಇದೇ ದಾರಿಯ ಬಣ್ಣದಿಂದ. ಮೊದಲ ಎರಡು ಮೆಟ್ಟಿಲು ಒಂದೇ. ಮುಂದೆ ಅದು ಇನ್ನಷ್ಟು ಮೆಟ್ಟಿಲು ಏರಿ ಹೊಂಬಣ್ಣ ಪಡೆಯುತ್ತದೆ. ನಮ್ಮ ಬಿಳಿಯ ರಕ್ತಕಣಗಳು ಅದರ ಮೇಲೆ ಎರಚುವ ಸುಡುಪದಾರ್ಥಗಳನ್ನು ತಡೆಯಲು ಅದಕ್ಕೂ ಇದೇ ಕವಚ. ಹುಳಿಜೀವಿಗಳ ವಿಸ್ತಾರವಾದ ವಂಶದಲ್ಲೇ, ಆಕಳ ಕೆಚ್ಚಲುಬಾವಿಗೂ ಹಸುಗೂಸುಗಳ ಘೋರ ಸೋಂಕಿಗೂ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಒಂದುಂಟು. ಅದು ತಯಾರಿಸುವುದು ಕಿತ್ತಳೆಗೆಂಪು. ಆ ಕೆಂಪೂ, ರಕ್ತಕಣಗಳನ್ನು ಒಡೆಯುವ ಅದರ ವಿಷವೂ ಬೇರೆ ಬೇರೆಯಲ್ಲ, ಒಂದೇ ಪದಾರ್ಥ ಎಂಬುದು ೨೦೧೩ರಲ್ಲಿ ಪ್ರಕಟವಾಯಿತು. ನೈಸರ್ಗಿಕ ಬಣ್ಣ ಎಂದ ಮಾತ್ರಕ್ಕೆ ನಿರಪಾಯ ಎನ್ನುವವರಿಗೆ ನಾನು ಈ ಕೆಂಪನ್ನು ನೆನಪಿಸುವುದುಂಟು.

ಈ ಮಾತಿಗೆ ಈಗ ಸಂದರ್ಭವೂ ಇದೆ. ೨೦೨೪ರ ಮಾರ್ಚಿ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ, ಜಾತ್ರೆಗಳಲ್ಲಿ ಮಾರುವ ಬಾಂಬೆ ಮಿಠಾಯಿಗೆ ರೋಡಮೀನ್-ಬಿ ಹಾಕುವುದನ್ನೂ ನಿಷೇಧಿಸಿತು. ಜೂನಿನಲ್ಲಿ ಕಬಾಬಿಗೂ ಆ ಕಟ್ಟಳೆ ಬಂತು. ಆಹಾರಕ್ಕೆ ಒಗ್ಗುವ ಬಣ್ಣಗಳನ್ನು ಲೋಕವೆಲ್ಲ ಹುಡುಕುತ್ತಿರುವಾಗ, ನಾವು ತಲೆತಲಾಂತರದಿಂದ ಉಣ್ಣುತ್ತ ಬಂದ ಹುಳಿಯ ಜೀವಿಗಳ ಹಳದಿಯ ಕಡೆಗೆ ವಿಜ್ಞಾನಿಗಳ ಕಣ್ಣು ಹೋದದ್ದು ಸಹಜ. ತೊಡಕು ಎರಡು. ಈ ಜೀವಿ ತಾನು ಕಾರಿದ ಆಮ್ಲದಲ್ಲಿ ತಾನೇ ಸೋತು ಬೆಳೆಯುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಬಣ್ಣದ ಇಳುವರಿ ತೀರ ಕಡಮೆ. ಮತ್ತೆ, ಆಮ್ಲಜನಕದ ಪೆಟ್ಟಿಗೆ ತನ್ನನ್ನೇ ಒಡ್ಡಿಕೊಳ್ಳುವುದು ಇದರ ಗುಣವೆಂದೆನಲ್ಲ. ಅದೇ ಗುಣದಿಂದ ಅದು ಗಾಳಿ ಬೆಳಕುಗಳಲ್ಲಿ ಮಾಸಿಹೋಗುತ್ತದೆ. ಜೀವಿಯನ್ನು ಕಾಯುವ ಬಣ್ಣ ಅಂಗಡಿಯ ಗಾಜಿನ ಕಪಾಟಿನಲ್ಲಿ ಬಾಳಿಕೆ ಬಾರದು.

ಇನ್ನೊಂದು ಎಚ್ಚರಿಕೆಯನ್ನು ನಮ್ಮ ಸೀಮೆಯ ತುಪ್ಪವೇ ಹೇಳಿಕೊಡುತ್ತದೆ. ಆಕಳ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳುಪು. ಬೆಳಗಾವಿಯಿಂದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಗಳವರೆಗೆ ಕತ್ತಿಯಂಥ ಉದ್ದ ಕೋಡಿನ ಪಂಢರಪುರಿ ಎಮ್ಮೆಗಳನ್ನು ಕಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಎರಡೂ ತಿನ್ನುವುದು ಅದೇ ಹಸುರು ಮೇವನ್ನು. ಎಮ್ಮೆ ಮೇವಿನ ಕ್ಯಾರೊಟಿನ್ನನ್ನು ಬಣ್ಣವಿಲ್ಲದ ಎ ಜೀವಸತ್ವವಾಗಿ ಮಾರ್ಪಡಿಸಿ ಹಾಲಿಗೆ ಬಿಡುತ್ತದೆ. ಆಕಳು ಒಂದಿಷ್ಟನ್ನು ಹಳದಿಯಾಗಿಯೇ ಬಿಡುತ್ತದೆ. ಬಿಳಿಯ ತುಪ್ಪದಲ್ಲಿ ಸತ್ವವಿಲ್ಲ ಎಂಬುದು ಕಣ್ಣಿನ ಮೋಸ. ಹುಳಿಜೀವಿಯ ಹಳದಿಯಲ್ಲಿ ಇದಕ್ಕೆ ತಿರುಗುಮುರುಗಾದ ಮೋಸವುಂಟು. ಎ ಜೀವಸತ್ವವಾಗಬೇಕಾದರೆ ಅಣುವಿನ ತುದಿಯಲ್ಲಿ ಒಂದು ಉಂಗುರವಿರಬೇಕು. ಇದರದು ಉಂಗುರವಿಲ್ಲದ ಬರಿಯ ಸರಪಳಿ. ಅಂಥ ಜೀವಿಯಿಂದ ಹಳದಿ ಮೊಸರು ಮಾಡಿ ಆಕಳ ಮೊಸರಿನ ಪಕ್ಕದಲ್ಲಿಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ ಆ ಹಳದಿಯಿಂದ ಎ ಜೀವಸತ್ವ ಒಂದಿನಿತೂ ದೊರೆಯದು.

ಇಲ್ಲಿಯವರೆಗೆ ಹೇಳಿದ್ದು ಜೀವಿ ತಾನೇ ಹೊತ್ತ ಬಣ್ಣದ ಮಾತು. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನಡುವಿನ ಈ ಸೀಮೆಯಲ್ಲಿ ಹುಳಿಜೀವಿಯ ದೊಡ್ಡ ಕೈವಾಡವಿರುವುದು ಮತ್ತೊಂದು ರೀತಿಯಲ್ಲಿ. ಅದು ಬಣ್ಣ ತಯಾರಿಸದೆಯೇ ಬಣ್ಣ ಬದಲಿಸುತ್ತದೆ. ನಿಪ್ಪಾಣಿಯ ತಂಬಾಕಿನ ಕಂದು ಇದರದೆಂದು ತಿಳಿಯಬಾರದು. ಅದು ಬಹುಮಟ್ಟಿಗೆ ಎಲೆಯ ಒಳಗಿನ ರಸಗಳದೂ ಬಿಸಿಲಿನದೂ ಕೆಲಸ. ನಾನು ಹೇಳುವುದು ಕಬ್ಬಿನ ವಿಷಯ.

ಕಾಗವಾಡದ ಬಳಿ ಉಗಾರದಲ್ಲಿ ಸಕ್ಕರೆಯ ಉದ್ಯಮ ಕಾಲಿಟ್ಟದ್ದು ೧೯೩೯ರಷ್ಟು ಹಿಂದೆ. ಆ ಮೇಲೆ ಐದೂ ತಾಲ್ಲೂಕುಗಳು ಕಬ್ಬಿನ ಸೀಮೆಯಾದವು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕೆಂದು ಎಲ್ಲರೂ ಹೇಳುತ್ತಾರೆ. ಹಂಗಾಮು ಏರಿದಾಗ ಕಬ್ಬು ಹೇರಿದ ಗಾಡಿಗಳ ಸಾಲು ರಸ್ತೆಯಲ್ಲಿ ನಿಂತಿರುವುದನ್ನೂ ಎಲ್ಲರೂ ನೋಡಿದ್ದಾರೆ. ಕಬ್ಬು ಒಣಗಿ ತೂಕ ಇಳಿಯುತ್ತದೆಂಬ ಚಿಂತೆ ರೈತನದು. ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕಾರ್ಯ ನಡೆದಿರುತ್ತದೆ. ಕುಡುಗೋಲಿನ ಗಾಯದ ಬಾಯಿಂದ ಲ್ಯೂಕೊನೊಸ್ಟಾಕ್ ಎಂಬ ಹುಳಿಜೀವಿ ಒಳಸೇರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಲೋಳೆಯುಂಡೆಯಾಗಿ ಬೆಳೆಯುವ ನೀಲಿಹಸುರು ನೊಸ್ಟಾಕ್ ಉಂಟಲ್ಲ, ಅದರಂತೆಯೇ ಲೋಳೆ, ಆದರೆ ಬಣ್ಣವಿಲ್ಲದ್ದು. ಆದ್ದರಿಂದ ಗ್ರೀಕರ ‘ಲ್ಯೂಕೊ’, ಎಂದರೆ ಬಿಳಿಯ, ನೊಸ್ಟಾಕ್.

ಹೆಸರಿನಲ್ಲಿ ಬಿಳುಪನ್ನು ಹೊತ್ತ ಈ ಜೀವಿ ಬೆಲ್ಲವನ್ನು ಕಪ್ಪಾಗಿಸುವ ಬಗೆ ಹೀಗೆ. ಕಬ್ಬಿನ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸುಗಳ ಜೋಡಿ. ಇದು ಆ ಜೋಡಿಯನ್ನು ಒಡೆದು ಗ್ಲೂಕೋಸನ್ನು ಒಂದಕ್ಕೊಂದು ಪೋಣಿಸಿ ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡುತ್ತದೆ, ಫ್ರಕ್ಟೋಸನ್ನು ಬಿಟ್ಟುಬಿಡುತ್ತದೆ. ಜೊತೆಗೆ ಹುಳಿ ಸುರಿಸುತ್ತದೆ. ಆ ಹುಳಿಯೂ ಕಬ್ಬಿನೊಳಗಿನ ಕಿಣ್ವಗಳೂ ಸೇರಿ ಇನ್ನಷ್ಟು ಜೋಡಿಗಳನ್ನು ಬಿಡಿಸುತ್ತವೆ. ಜೋಡಿಯಾಗಿದ್ದಾಗ ಕಾವನ್ನು ತಾಳಿಕೊಳ್ಳುವ ಸಕ್ಕರೆ ಬಿಡಿಯಾದಾಗ ತಾಳದು. ಕೊಪ್ಪರಿಗೆಯಲ್ಲಿ ಸುಣ್ಣ ಬಿದ್ದು ಕಬ್ಬಿನ ಹಾಲು ಕುದಿಯುವಾಗ ಈ ಬಿಡಿ ಸಕ್ಕರೆಗಳು ಕಂದುತ್ತವೆ, ಕರಗುತ್ತವೆ, ರಸದ ಇತರ ಅಂಶಗಳೊಡನೆ ಕೂಡಿ ಕಪ್ಪಾಗುತ್ತವೆ. ಬೆಲ್ಲ ಪೆಂಟೆ ಕಟ್ಟದೆ ಜಿಗಟಾಗುತ್ತದೆ. ಕಟ್ಟಿದರೂ ಗಾಳಿಯ ಪಸೆ ಎಳೆದು ಬೆವರುತ್ತದೆ. ಅಡತಿಯ ಅಂಗಡಿಯಲ್ಲಿ ಬೆಲ್ಲದ ಬೆಲೆ ಕಟ್ಟುವುದು ಮೊದಲು ಕಣ್ಣು, ಆ ಮೇಲೆ ನಾಲಗೆ. (ಅದೇ ಲೋಳೆಯನ್ನು ಶುದ್ಧಗೊಳಿಸಿ ರಕ್ತ ಕಳೆದುಕೊಂಡ ರೋಗಿಯ ನರಕ್ಕೆ ಏರಿಸುವುದೂ ಉಂಟು, ಗಾಣದ ಶನಿ ಆಸ್ಪತ್ರೆಯಲ್ಲಿ ಸಂಜೀವಿನಿ.)

ಕಪ್ಪಾದದ್ದನ್ನು ಹಳದಿ ಮಾಡಲು ಹಳಬರು ಬೆಂಡೆಯ ಗಿಡವನ್ನು ಜಜ್ಜಿ ಲೋಳೆ ಬಿಟ್ಟು ಮಡ್ಡಿ ತೆಗೆಯುತ್ತಿದ್ದರು. ಆಮೇಲೆ ಬಂದದ್ದು ಹೈಡ್ರೋಸ್ ಎಂದು ಕರೆಯುವ ಬಿಳಿಯ ಪುಡಿ, ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣದ ಅಣುಗಳನ್ನು ತೆಗೆಯುವುದಿಲ್ಲ. ಅವುಗಳ ಬಣ್ಣವನ್ನು ಅಡಗಿಸುತ್ತದೆ. ಬೆಲ್ಲ ಹೊಂಬಣ್ಣವಾಗಿ ಪೇಟೆಗೆ ಹೋಗುತ್ತದೆ. ಕೆಲವು ವಾರಗಳಲ್ಲಿ ಗಾಳಿಯ ಆಮ್ಲಜನಕ ತಾಕಿ ಅಡಗಿದ ಕಂದು ಮರಳುತ್ತದೆ. ಆಗ ಅದು ಕೊಂಡವರ ಮನೆಯ ಡಬ್ಬಿಯಲ್ಲಿರುತ್ತದೆ. ಗಂಧಕದ ಉಳಿಕೆ ಹೊಟ್ಟೆಗೆ ಹೋಗುವ ಮಾತು ಬೇರೆ. ಕಂದು ಬೆಲ್ಲ ಕೇಳಿ ಕೊಳ್ಳುವವರು ಈಚೆಗೆ ಹೆಚ್ಚುತ್ತಿರುವುದು ಒಳ್ಳೆಯದೇ. ಆದರೆ ಹೈಡ್ರೋಸ್ ಇಲ್ಲದ ಕಂದೂ, ಹಳಸಿದ ಕಬ್ಬಿನ ಕಂದೂ ನೋಟಕ್ಕೆ ಅಣ್ಣತಮ್ಮಂದಿರು. ಗಟ್ಟಿಯಾಗಿ ಮುರಿಯುತ್ತದೆಯೋ ಜಿಗಿಯುತ್ತದೆಯೋ ನೋಡಿ ಕೊಳ್ಳುವುದು ಲೇಸು.

ಇದೇ ಹೈಡ್ರೋಸಿಗೆ ಬಣ್ಣದ ಲೋಕದಲ್ಲಿ ಇನ್ನೊಂದು ವೃತ್ತಿಯುಂಟು. ನೀಲಿ, ಎಂದರೆ ಇಂಡಿಗೊ, ನೀರಿನಲ್ಲಿ ಕರಗದು. ಕರಗದ ಬಣ್ಣ ನೂಲಿಗೆ ಹತ್ತದು. ಅದರಿಂದ ಆಮ್ಲಜನಕದ ಹಿಡಿತವನ್ನು ಬಿಡಿಸಿದರೆ ಅದು ಹಸುರುಹಳದಿಯ ದ್ರವವಾಗಿ ಕರಗುತ್ತದೆ. ಇದಕ್ಕೂ ‘ಲ್ಯೂಕೊ ಇಂಡಿಗೊ’ ಎಂದೇ ಹೆಸರು, ಬಿಳಿಯ ನೀಲಿ! ಅದ್ದಿ ತೆಗೆದ ನೂಲು ಗಾಳಿಗೆ ಬಂದೊಡನೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಇಂದು ನೀಲಿ ಕಾರಖಾನೆಗಳಲ್ಲಿ ಈ ಬಿಡಿಸುವ ಕೆಲಸ ಮಾಡುವುದು ಹೈಡ್ರೋಸ್. ಅದು ಬರುವ ಮೊದಲು ಆ ಕೆಲಸ ಹಂಡೆಯೊಳಗಿನ ಅಣುಜೀವಿಗಳದಾಗಿತ್ತು. ದಕ್ಷಿಣದ ಬಣ್ಣಗಾರರು ಸುಣ್ಣದ ಜೊತೆಗೆ ಬೇಯಿಸಿದ ತಗಚೆಯ ಬೀಜವನ್ನು ಅವಕ್ಕೆ ಆಹಾರವಾಗಿ ಹಾಕುತ್ತಿದ್ದರು. ಜಪಾನಿನ ನೀಲಿಹಂಡೆಗಳಿಂದ ಬೇರ್ಪಡಿಸಿ ೨೦೦೮ರಲ್ಲಿ ಹೆಸರಿಟ್ಟ ಅಂಥ ಒಂದು ಜೀವಿ ಈ ಲ್ಯಾಕ್ಟಿಕ್ ಬಳಗದ್ದೇ. ಹುಳಿ ಮಾಡುವ ವಂಶದಲ್ಲಿ ಹುಟ್ಟಿ ಸುಣ್ಣದ ಕಾರದಲ್ಲಿ ಬಾಳಲು ಕಲಿತದ್ದು. ನೀಲಿಯನ್ನು ಅಡಗಿಸಿದ ಅಣುಜೀವಿಯ ಸ್ಥಾನಕ್ಕೆ ಬಂದ ಪುಡಿ, ಅಣುಜೀವಿ ತಂದ ಬೆಲ್ಲದ ಕಪ್ಪನ್ನೂ ಅಡಗಿಸಲು ನಿಂತಿದೆ.

ಇನ್ನು ತೊಗಲು. ಕೊಲ್ಹಾಪುರಿ ಚಪ್ಪಲಿ ಎಂಬ ಹೆಸರಿನಲ್ಲಿ ಊರು ಕೊಲ್ಹಾಪುರದ್ದಾದರೂ ಅದನ್ನು ಹೊಲಿಯುವ ಕೈಗಳು ಅಥಣಿಯಲ್ಲಿ, ನಿಪ್ಪಾಣಿಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಇವೆ. ೨೦೧೯ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ೨೦೨೫ರಲ್ಲಿ ಇಟಲಿಯ ಮಿಲಾನಿನ ಪ್ರದರ್ಶನದಲ್ಲಿ ಅದರ ಪ್ರತಿರೂಪ ಕಾಣಿಸಿಕೊಂಡಾಗ ಎದ್ದ ಗದ್ದಲವನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಗದ್ದಲದಲ್ಲಿ ಚಪ್ಪಲಿಯ ಆಕಾರದ ಮಾತು ಬಂತು, ಬೆಲೆಯ ಮಾತು ಬಂತು. ಅದರ ಗೋಧಿಗೆಂಪಿನ ಮಾತನ್ನು ನಾನು ಕೇಳಲಿಲ್ಲ.

ಆ ಬಣ್ಣ ಮೇಲೆ ಬಳಿದದ್ದಲ್ಲ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ದಿನಗಟ್ಟಲೆ ಹದಕ್ಕಿಡುತ್ತಾರೆ. ತೊಗಟೆಯ ಒಗರು ತೊಗಲಿನ ನಾರುಗಳನ್ನು ಕಟ್ಟುತ್ತದೆ. ಆದರೆ ತೊಗಟೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅಳಲೆಕಾಯಿಯಲ್ಲಿ, ಒಗರಿನ ಜೊತೆಗೆ ಸಕ್ಕರೆಯೂ ಇದೆ. ಹುಳಿಜೀವಿಗಳು ಅದನ್ನು ಉಂಡು ಹೊಂಡವನ್ನು ಹುಳಿ ಮಾಡುತ್ತವೆ. ತೊಗಲಿನಲ್ಲಿ ಉಳಿದ ಸುಣ್ಣವನ್ನು ಆ ಹುಳಿ ಮುರಿಯುತ್ತದೆ, ನಾರುಗಳನ್ನು ಉಬ್ಬಿಸಿ ಒಗರು ಒಳಗಿನವರೆಗೆ ಇಳಿಯಲು ದಾರಿ ಮಾಡುತ್ತದೆ. ಬಣ್ಣವನ್ನೂ ಕಾಯುತ್ತದೆ. ಒಗರಿನ ರಸ ಸುಣ್ಣದ ಕಾರದಲ್ಲಿ ಗಾಳಿ ತಾಕಿದರೆ ಕರಿಗಂದಾಗುತ್ತದೆ. ಹುಳಿಯಲ್ಲಿ ತಿಳಿಯಾಗಿ ಉಳಿಯುತ್ತದೆ. ಸುಣ್ಣ ಬಿಡದ ತೊಗಲು ಮಚ್ಚೆಮಚ್ಚೆಯಾಗಿ ಕಪ್ಪಾಗುತ್ತದೆ, ಬೇಗ ಬಿರಿಯುತ್ತದೆ. ಅಥಣಿಯ ಒಂದು ಜೊತೆ ಚಪ್ಪಲಿಯ ತಿಳಿಯಾದ ಬಣ್ಣದಲ್ಲಿ ಜಾಲಿಯದು ಒಂದು ಪಾಲಾದರೆ ಹುಳಿಯದು ಇನ್ನೊಂದು. ಕ್ರೋಮಿಯಮ್ಮಿನ ಲವಣದಿಂದ ಬೇಗನೆ ಮುಗಿಯುವ ಹದ ಬಂದ ಮೇಲೆ ಊರೂರಿನ ಹೊಂಡಗಳು ಕಡಮೆಯಾಗಿವೆ. ಆ ತೊಗಲು ಹೊರಬರುವುದು ತಿಳಿನೀಲಿಯಾಗಿ. ಕಂದನ್ನು ಆ ಮೇಲೆ ಬಳಿಯಬೇಕು.

ಹೊಂಡದ ನಾತದಿಂದಾಗಿ ಅದನ್ನೂ ಅದರ ಕೆಲಸಗಾರರನ್ನೂ ನಾವು ಊರಿನ ಹೊರಗೆ ಇಟ್ಟೆವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ ಮತ್ತು ಸಮಗಾರ ಹರಳಯ್ಯನವರಿಗೆ ದೊರೆತ ಮನ್ನಣೆ ಅವರ ಕಸುಬಿನ ಮಕ್ಕಳಿಗೆ ಮುಂದಿನ ಶತಮಾನಗಳಲ್ಲಿ ದೊರೆಯಲಿಲ್ಲ. ಕಕ್ಕಯ್ಯನವರ ಸಮಾಧಿಯಿರುವ ಕಕ್ಕೇರಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಹೊಂಡದ ನೀರು ಹುಳಿತಿದೆಯೋ ಕೊಳೆತಿದೆಯೋ ಎಂಬುದನ್ನು ಮೂಗಿನಿಂದಲೂ, ತೊಗಲು ಉಬ್ಬಿದ್ದನ್ನು ಬೆರಳಿನಿಂದಲೂ ತಿಳಿಯಬಲ್ಲವರ ಅರಿವನ್ನು ಯಾರೂ ಗ್ರಂಥಕ್ಕೆ ಇಳಿಸಲಿಲ್ಲ. ಹುಳಿತದ್ದಕ್ಕೂ ಕೊಳೆತದ್ದಕ್ಕೂ ಇರುವ ಅಂತರ ನಮ್ಮ ಗೃಹಿಣಿಯರಿಗೆ ಗೊತ್ತು. ಮೊಸರಿನ ಗಡಿಗೆಯಲ್ಲಿ ಅವರು ಅದನ್ನು ದಿನಾಲು ಕಾಯುತ್ತಾರೆ. ತೊಗಟೆಯ ಹದದಲ್ಲಿಯೂ ಅದೇ ಕ್ರಮ. ಸತ್ವ ಇಳಿದ ಹಳೆಯ ಹುಳಿನೀರನ್ನು ಚೆಲ್ಲುವುದಿಲ್ಲ. ಸುಣ್ಣದಿಂದ ಬಂದ ಹೊಸ ತೊಗಲು ಮೊದಲು ಮುಳುಗುವುದು ಅದರಲ್ಲಿ, ಹೊಸ ತೊಗಟೆಯ ಗಟ್ಟಿ ನೀರಿಗೆ ಹೋಗುವುದು ಆ ಮೇಲೆ.